ಹನ್ನೊಂದನೆಯ ಹಾಳೆ

ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ಹಿಂದೆ ಬಂದು ಬೀಗ ಎಳೆದು ನೋಡುವವನು ನಾನು. ಇನ್ನು ಇಪ್ಪತ್ತು ಹೆಜ್ಜೆ ಹೋಗಿ ಮತ್ತೊಮ್ಮೆ ಬರುತ್ತೇನೆ. ನನ್ನ ಹೆಂಡತಿ ಸುಮತಿ ಈಗ ಗೇಟಿನ ಹತ್ತಿರವೇ ನಿಂತುಬಿಡುತ್ತಾಳೆ, "ಎರಡನೇ ಸಲ ನೋಡಿ ಆಗಲಿ, ಮತ್ತೆ ಒಟ್ಟಿಗೇ ಹೋಗುವ" ಎಂದು. ಅಂಚೆ ಇಲಾಖೆಯಲ್ಲಿ ಜೀವಮಾನ ಕಳೆದವನಿಗೆ ಈ ರೋಗ ಸಹಜ ಎಂದು ನನ್ನ ವಾದ. ರೋಗ ಮೊದಲೇ ಇತ್ತು, ಇಲಾಖೆ ಅದಕ್ಕೆ ಸಂಬಳ ಕೊಟ್ಟಿತು ಅಷ್ಟೆ ಎಂದು ಅವಳ ವಾದ.

ಮೊನ್ನೆ ನನ್ನ ತಂಗಿಯ ಮಗಳು ರೇಖಾಳಿಗೆ ಇದೇ ಇಲಾಖೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಸಿಹಿ ಹಿಡಿದುಕೊಂಡು ಬಂದವಳು ಕೇಳಿದಳು, "ಮಾವ, ಕೆಲಸ ಹೇಗೆ? ತುಂಬ ಕಷ್ಟ ಉಂಟಾ?" ನಾನು ಏನೋ ಹಾರಿಕೆಯ ಮಾತು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಸಮಾಧಾನವಾಗಲಿಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವಾಗ ಎಷ್ಟು ಹಾರ ಹಾಕಿದರು ಎಂಬುದು ಅವಳಿಗೆ ಉಪಯೋಗಕ್ಕೆ ಬರುವುದಿಲ್ಲ. ನನ್ನ ತಪ್ಪುಗಳು ಬಂದರೂ ಬರಬಹುದು. ಆಫೀಸುಗಳ ಹೆಸರು ಹಾಕುವುದಿಲ್ಲ. ತಪ್ಪು ಮಾಡಿದ್ದು ನಾನು, ಆ ಕಟ್ಟಡಗಳಲ್ಲ.

ನಾನು ಸೇರಿದ್ದು ಐವತ್ತರ ದಶಕದ ನಡುವೆ, ಬಂಟ್ವಾಳದ ಕಡೆಯ ಒಂದು ಪೋಸ್ಟಾಫೀಸಿಗೆ. ಅಲ್ಲಿನ ಪೋಸ್ಟ್ ಮಾಸ್ಟರನ್ನು ಊರೆಲ್ಲ ರಾಯರು ಎಂದೇ ಕರೆಯುತ್ತಿತ್ತು. ಮೊದಲ ದಿನ ಅವರು ನನಗೆ ಠಸ್ಸೆ ಹೊಡೆಯಲು ಕಲಿಸಿದರು. ಎಡಗೈಯಲ್ಲಿ ಕಾಗದ ಜಾರಿಸಬೇಕು, ಬಲಗೈಯಲ್ಲಿ ಹೊಡೆಯಬೇಕು, ಕಣ್ಣು ವಿಳಾಸದ ಮೇಲೆ ಇರಬೇಕು. ಒಂದು ಕಾರ್ಡನ್ನು ನನ್ನ ಮುಂದೆ ಹಿಡಿದು, "ನೋಡು, ವಿಳಾಸ ಇರುವ ಬದಿ ನಿನ್ನದು. ಮತ್ತೊಂದು ಬದಿ ನಿನ್ನದಲ್ಲ. ಇಷ್ಟು ಗೊತ್ತಿದ್ದರೆ ಸಾಕು, ಬಾಕಿ ಕೆಲಸ ಕೈಯೇ ಕಲೀತದೆ" ಎಂದರು.

ಗೊತ್ತಿತ್ತು, ಆದರೆ ಕಣ್ಣು ಕೇಳಬೇಕಲ್ಲ. ಕಾರ್ಡು ತಿರುಗಿ ಬಿದ್ದರೆ ಎರಡು ಸಾಲು ಓದಿಬಿಡುತ್ತಿದ್ದೆ. ಒಂದು ದಿನ ವಾಮದಪದವಿನಲ್ಲಿ ಅಂಗಡಿ ಇದ್ದ ಒಬ್ಬರು ಪೇಟೆಗೆ ಬಂದವರು ಕಿಟಿಕಿಯ ಹತ್ತಿರ ಸ್ಟಾಂಪು ಕೇಳಿದರು. ಬೆಳಗ್ಗೆಯೇ ಅವರ ಹೆಸರಿನ ಕಾರ್ಡನ್ನು ನಾನು ಓದಿ ಆಗಿತ್ತು. ಪರಿಚಯದವನ ಹಾಗೆ, "ಮಾವನ ಬೊಜ್ಜ ಬರುವ ಗುರುವಾರ ಅಲ್ವಾ, ನೀವು ಇವತ್ತೇ ಹೊರಡುವುದಾ?" ಎಂದು ಕೇಳಿದೆ. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ಮಾವ ಸತ್ತ ಸುದ್ದಿಯೇ ಅವರಿಗೆ ಇನ್ನೂ ಮುಟ್ಟಿರಲಿಲ್ಲ. ಅವರು ಸ್ಟಾಂಪನ್ನು ಕಿಟಿಕಿಯಲ್ಲೇ ಬಿಟ್ಟು ಹೋಗಿ ಮೆಟ್ಟಿಲ ಮೇಲೆ ಕುಳಿತರು.

ಸಾವಿನ ಕಾಗದಕ್ಕೆ ನಮ್ಮಲ್ಲಿ ಒಂದು ಕ್ರಮ ಇತ್ತು. ಅದನ್ನು ಮನೆಯೊಳಗೆ ಕೊಡುವುದಿಲ್ಲ. ಅಂಗಳದಲ್ಲಿ ನಿಂತು ಓದಿ, ಅಲ್ಲೇ ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಹೋಗುತ್ತಾರೆ. ಆ ಮನುಷ್ಯನಿಗೆ ಅಂಗಳವೂ ಇಲ್ಲ, ನೀರೂ ಇಲ್ಲ, ಕಿಟಿಕಿಯಲ್ಲಿ ನನ್ನ ನಗುಮುಖ ಮಾತ್ರ ಇತ್ತು. ರಾಯರು ತಾವೇ ಎದ್ದು ಹೋಗಿ ಅವರಿಗೆ ನೀರು ಕೊಟ್ಟರು. ನನಗೆ ಬೈಯಲಿಲ್ಲ. ಸಂಜೆಯವರೆಗೆ ನನ್ನ ಜೊತೆ ಮಾತೇ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಅದಾದ ಮೇಲೆ ಬೆಳ್ತಂಗಡಿಯ ಕಡೆಗೆ ವರ್ಗವಾಯಿತು. ಟಪಾಲು ಹೊತ್ತು ಓಡುವವರ ಕಾಲ ಮುಗಿದು ಚೀಲಗಳು ಬಸ್ಸಿನ ಮೇಲೆ ಬರಲು ಶುರುವಾಗಿತ್ತು. ಓಡುವವನು ಮಳೆ ಬಂದರೆ ಚೀಲವನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಅಪ್ಪಿಕೊಳ್ಳುತ್ತಿದ್ದನಂತೆ. ಬಸ್ಸಿಗೆ ಎದೆ ಇಲ್ಲವಲ್ಲ. ಒಂದು ಆಷಾಢದಲ್ಲಿ ಟರ್ಪಾಲು ಹಾರಿಹೋಗಿ ಚೀಲ ಪೂರ್ತಿ ನೆನೆದು ಬಂತು. ಪಕ್ಕದ ಹೋಟೆಲಿನ ಒಲೆಯ ಹಿಂದಿನ ಬೆಚ್ಚಗಿನ ಜಗಲಿಯಲ್ಲಿ ಕಾಗದಗಳನ್ನು ಹರಡಿ ಒಣಗಿಸಿದೆವು. ಹೊರಗಿನ ವಿಳಾಸದ ಶಾಯಿ ತೊಳೆದುಹೋಗಿತ್ತು. ಒಳಗಿನ ಬರಹ ಉಳಿದಿತ್ತು. ನಿಯಮದ ಪ್ರಕಾರ ಅವನ್ನೆಲ್ಲ ಮೇಲಿನ ಕಚೇರಿಗೆ ಕಳಿಸಬೇಕು, ಅವು ಮರಳಿ ಬರುವಾಗ ಮಳೆಗಾಲ ಮುಗಿದಿರುತ್ತದೆ. ಆದ್ದರಿಂದ ಎರಡು ದಿನ ಕುಳಿತು ಒಂದೊಂದನ್ನೂ ಓದಿ, ಇದು ಇಂಥವರದ್ದು ಎಂದು ಪತ್ತೆ ಮಾಡಿ ಕಳಿಸಿದೆ. ಎಲ್ಲವೂ ಸರಿಯಾದ ಮನೆಗೆ ಮುಟ್ಟಿದವು. ಜನ ಹೊಗಳಿದರು. ಆದರೆ ನನಗೆ ಓದುವ ಚಟ ಹತ್ತಿದ್ದು ಆ ಎರಡು ದಿನಗಳಲ್ಲಿ. ಮುಂದಿನದ್ದಕ್ಕೆ ಬೀಜ ಅಲ್ಲಿಯದೇ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಮೂಡುಬಿದಿರೆಯಿಂದ ಬೆಳುವಾಯಿ ಕಡೆ ಹೋಗುವ ದಾರಿಯ ಒಂದು ಚಿಕ್ಕ ಪೋಸ್ಟಾಫೀಸಿನಲ್ಲಿದ್ದೆ. ಪೋಸ್ಟ್ ಮಾಸ್ಟರೂ ನಾನೇ, ಗುಮಾಸ್ತನೂ ನಾನೇ. ಪುತ್ತಿಗೆಯಲ್ಲಿ ಬಾಡಿಗೆ ಮನೆ, ಅಲ್ಲಿಂದ ಸೈಕಲ್ಲಿನಲ್ಲಿ ಬರುವುದು. ಹಳ್ಳಿಗಳಿಗೆ ಟಪಾಲು ಹಂಚಲು ದೂಮಪ್ಪ ಇದ್ದ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು, ಗಟ್ಟಿ ಕಾಲು, ಕಡಿಮೆ ಮಾತು. ಬೆಳಗ್ಗಿನ ಬಸ್ಸಿನಲ್ಲಿ ಬಂದ ಚೀಲವನ್ನು ಬಿಚ್ಚಿ, ಠಸ್ಸೆ ಹೊಡೆದು, ವಿಂಗಡಿಸಿ ಅವನ ಕೈಗೆ ಕೊಡುವಷ್ಟರಲ್ಲಿ ಒಂದು ಗಂಟೆ. ಅಷ್ಟರಲ್ಲಿ ಅವನು ಹೊರಗಿನ ಕಟ್ಟೆಯಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ.

ಅವನ ದಾರಿಯ ಕೊನೆಗೆ ಒಂದು ಕಾನ್ವೆಂಟು, ಅದರ ಪಕ್ಕದಲ್ಲಿ ಒಂದು ದವಾಖಾನೆ. ಅದನ್ನು ನಡೆಸುತ್ತಿದ್ದವರು ಐರ್ಲೆಂಡಿನಿಂದ ಬಂದ ಒಬ್ಬ ಸನ್ಯಾಸಿನಿ. ಸನ್ಯಾಸಿನಿಗೆ ನಮ್ಮ ಕಡೆ ಮಾದ್ರಿ ಎನ್ನುವುದು, ಹಾಗಾಗಿ ಊರವರಿಗೆ ಅವರು ಬ್ರಿಜಿತ್ ಮಾದ್ರಿ. ಬಂದು ಮೂವತ್ತು ವರ್ಷವಾಗಿತ್ತು. ತುಳು, ಕೊಂಕಣಿ, ಕನ್ನಡ ಮೂರನ್ನೂ ನಿಧಾನವಾಗಿ, ಒಂದೊಂದೇ ಶಬ್ದ ಇಟ್ಟು ಆಡುತ್ತಿದ್ದರು. ತಿಂಗಳಿಗೊಮ್ಮೆ ಪೋಸ್ಟಾಫೀಸಿಗೆ ತಾವೇ ಬರುತ್ತಿದ್ದರು. ಒಮ್ಮೆ ಬಂದಾಗ ಹೇಳಿದರು, "ಪೋಸ್ಟ್ ಮಾಸ್ಟ್ರೇ, ಇನ್ನು ತಿಂಗಳಿಗೆ ಒಂದು ಬುಕ್ ಪೋಸ್ಟ್ ಬರ್ತದೆ ನನಗೆ. ನನ್ನ ತಮ್ಮ ಕಾರ್ಮಕ್ ನಾಟಕದಲ್ಲಿ ಪಾರ್ಟು ಮಾಡ್ತಿದ್ದ. ತೀರಿಹೋದ. ಅವನು ಪದ್ಯ ಬರೀತಿದ್ದ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನ ಗೆಳೆಯರು ಒಂದೊಂದೇ ಅಚ್ಚು ಹಾಕಿಸಿ ಕಳಿಸ್ತಾರಂತೆ. ಜೋಪಾನ."

ನಾನು ಜೋಪಾನ ಮಾಡಿದ್ದನ್ನು ಇನ್ನು ಹೇಳುತ್ತೇನೆ.

ಬುಕ್ ಪೋಸ್ಟ್ ಎಂದರೆ ಅಚ್ಚಾದ ಕಾಗದ. ಅದನ್ನು ಅಂಟಿಸಿ ಮುಚ್ಚುವಂತಿಲ್ಲ. ವಿಳಾಸ ಬರೆದು ಸುತ್ತಿದ ಕಾಗದದ ಪಟ್ಟಿಯ ಎರಡು ತುದಿಯೂ ತೆರೆದಿರಬೇಕು, ಒಳಗೆ ಯಾರಾದರೂ ಖಾಸಗಿ ಕಾಗದ ತುರುಕಿದ್ದಾರೋ ಎಂದು ಪೋಸ್ಟಿನವರು ಎಳೆದು ನೋಡಬಹುದು. ನೋಡಬಹುದು ಎಂದರೆ ಇಣುಕಬಹುದು ಎಂದು ಅರ್ಥ, ಓದಬಹುದು ಎಂದಲ್ಲ. ಮೊದಲನೆಯ ಹಾಳೆ ಬಂದಾಗ ಕರ್ತವ್ಯದ ನೆವದಲ್ಲಿ ಎಳೆದೆ. ದಪ್ಪ ಬಿಳಿ ಕಾಗದ, ನಡುವೆ ಹನ್ನೆರಡು ಸಾಲಿನ ಪದ್ಯ, ಕೆಳಗೆ ಒಂದು ಎಂಬ ಅಂಕೆ. ನನ್ನ ಇಂಗ್ಲಿಷು ಮೆಟ್ರಿಕ್ಕಿನದ್ದು. ಅರ್ಧ ಅರ್ಥವಾಯಿತು. ಉಳಿದ ಅರ್ಧಕ್ಕಾಗಿ ಹಳೆಯ ಫಾರಂ ಒಂದರ ಬೆನ್ನಿಗೆ ನಕಲು ಮಾಡಿಕೊಂಡೆ. ದೂಮಪ್ಪನ ಎಲೆ ಅಡಿಕೆ ಮುಗಿಯುವಷ್ಟರಲ್ಲಿ ಹಾಳೆ ಪಟ್ಟಿಯೊಳಗೆ ಸೇರಿ ಅವನ ಚೀಲಕ್ಕೆ ಹೋಗಿತ್ತು. ಮನೆಯಲ್ಲಿ ಶಬ್ದಕೋಶ ಇಟ್ಟುಕೊಂಡು ಹತ್ತು ದಿನ ಅದರ ಹಿಂದೆ ಬಿದ್ದೆ.

ಅದು ಒಂದು ರಾಜನ ನಿಲುವಂಗಿಯ ಬಗ್ಗೆ ಇತ್ತು. ಅದನ್ನು ತನಗಿಂತ ಮೊದಲು ತೊಟ್ಟ ಮೂವರು ನಟರು ಸತ್ತಿದ್ದಾರೆ, ಅವರ ಬೆವರು ಇನ್ನೂ ಕಂಕುಳಲ್ಲಿ ಉಂಟು, ನಾನು ಎರಡು ಗಂಟೆಯ ರಾಜ, ಅಂಗಿ ಮಾತ್ರ ನಲವತ್ತು ವರ್ಷದಿಂದ ಆಳುತ್ತಿದೆ ಎಂದು ಬರೆದಿದ್ದ. ಇಷ್ಟೇ. ದೊಡ್ಡ ಶಬ್ದ ಒಂದೂ ಇರಲಿಲ್ಲ. ಆದರೂ ನನಗೆ ಯಾರೋ ಕಿವಿಯ ಹತ್ತಿರ ಬಂದು ಮಾತಾಡಿದ ಹಾಗಾಯಿತು.

ಆಮೇಲೆ ತಿಂಗಳ ಬುಕ್ ಪೋಸ್ಟಿಗೆ ಮಾದ್ರಿಗಿಂತ ಹೆಚ್ಚು ನಾನು ಕಾಯತೊಡಗಿದೆ. ಪರದೆಯ ಹಿಂದೆ ನಿಂತು ಮರೆತವರಿಗೆ ಮಾತು ನೆನಪಿಸಿಕೊಡುವವನ ಮೇಲೆ ಒಂದು ಪದ್ಯ ಇತ್ತು. ಎಲ್ಲರ ಮಾತೂ ಅವನಿಗೆ ಬಾಯಿಪಾಠ, ಚಪ್ಪಾಳೆ ಮಾತ್ರ ಅವನಿಗಿಲ್ಲ. ಓದಿ, ಇವನು ನನ್ನಂಥ ಪೋಸ್ಟ್ ಮಾಸ್ಟರನ್ನು ಎಲ್ಲಿ ಕಂಡ ಎಂದು ಆಶ್ಚರ್ಯಪಟ್ಟೆ. ಇನ್ನೊಂದರಲ್ಲಿ ನಾಟಕ ಮುಗಿದ ಮರುದಿನ ಅವನು ರೊಟ್ಟಿ ತರಲು ಹೋಗುತ್ತಾನೆ. ಅಂಗಡಿಯವಳು, ನಿನ್ನ ಕಿವಿಯ ಹಿಂದೆ ಬಣ್ಣ ಉಳಿದಿದೆ ನೋಡು ಎನ್ನುತ್ತಾಳೆ. ನಮ್ಮ ಬೆಳಗ್ಗಿನ ಬಸ್ಸಿನಲ್ಲಿ ಯಕ್ಷಗಾನ ಮೇಳದ ವೇಷಧಾರಿಗಳು ಕಣ್ಣಿನ ಕಾಡಿಗೆ ಪೂರ್ತಿ ಹೋಗದೆ, ಸೀಟಿಗೆ ಒರಗಿ ನಿದ್ದೆ ಹೋಗುವುದನ್ನು ಎಷ್ಟು ಸಲ ಕಂಡಿದ್ದೇನೆ. ಕಂಡಿದ್ದೆ, ಅಷ್ಟೆ. ಕಾರ್ಮಕ್ ಹೇಳಿದ ಮೇಲೆ ನಿಜವಾಗಿ ನೋಡಿದೆ. ಎಲ್ಲೋ ಸತ್ತು ಮಣ್ಣಾದ ಒಬ್ಬ ನಟನ ಮೇಲೆ ನನಗೆ ಅಷ್ಟು ಪ್ರೀತಿ ಹುಟ್ಟಿದ್ದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ ಎಲ್ಲಿ ಓದಿದೆ ಎಂದು ಕೇಳುತ್ತಾರೆ.

ಹನ್ನೊಂದನೆಯ ಹಾಳೆ ಬಂದದ್ದು ಮಾಘದ ಒಂದು ಬೆಳಗ್ಗೆ. ಉದ್ದದ ಪದ್ಯ, ಎರಡು ಬದಿಯೂ ಅಚ್ಚಾಗಿತ್ತು. ಪಟ್ಟಿಯ ಮೇಲೆ ಆ ದಿನದ ಠಸ್ಸೆ ಹೊಡೆದು ಹಾಳೆ ಎಳೆದೆ. ಈ ಸಲ ಶಬ್ದಕೋಶ ಬೇಕಾಗಲಿಲ್ಲ. ಅವನು ಸಾಯುವ ಮೊದಲು ಅಕ್ಕನಿಗೆ ಬರೆದದ್ದು. ನನಗೆ ಬಂದಷ್ಟು ಕನ್ನಡದಲ್ಲಿ ಅದರ ಸಾರ ಹೀಗೆ:

ಇಪ್ಪತ್ತು ವರ್ಷ ಪರರ ಮಾತು ಆಡಿದೆ, ಒಂದು ಸಲವೂ ತಪ್ಪಲಿಲ್ಲ. ಸೈನಿಕನಾದೆ, ಕುರುಡನಾದೆ, ಅರಮನೆಯ ಬಾಗಿಲು ಕಾದೆ. ನಾನು ಮಾತು ಮರೆತದ್ದು ಒಂದೇ ಸಲ. ನನಗೆ ಹನ್ನೆರಡು ವರ್ಷ. ನೀನು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಎಲ್ಲರೂ ತಮ್ಮ ತಮ್ಮ ಮಾತು ಹೇಳಿ ಆಗಿತ್ತು, ನನ್ನ ಸರದಿ ಬಂತು. ಬಾಯಿ ತೆರೆದೆ, ಮಾತು ಇರಲಿಲ್ಲ. ನೀನು ಕಾದೆ, ಗಾಡಿಯವನು ಕಾದ, ಕುದುರೆ ಕಾಯಲಿಲ್ಲ. ಈಗ ಹಾಸಿಗೆ ಹಿಡಿದಾಗ ಅದು ತಾನಾಗಿ ಬಂದಿದೆ, ತುಂಬ ಚಿಕ್ಕ ಮಾತು: ಅಕ್ಕ, ಹೊರಗೆ ಚಳಿ. ಶಾಲು ಹೊದ್ದುಕೋ.

ಓದಿ ಮುಗಿಸಿದಾಗ ಕಣ್ಣು ಮಂಜಾಗಿತ್ತು. ದೂಮಪ್ಪ ಬಾಗಿಲಲ್ಲಿ ನಿಂತು, "ಮಾಸ್ಟ್ರೇ, ಆಯ್ತಾ?" ಎಂದ. ನಕಲು ಇನ್ನೂ ಶುರುವೇ ಆಗಿರಲಿಲ್ಲ. ಆ ದಿನ ನಾನು ಜೀವನದಲ್ಲಿ ಮೊದಲ ಸಲ ಒಂದು ಟಪಾಲನ್ನು ತಡೆದೆ. ನಾಳೆ ಕೊಟ್ಟರಾಯಿತು, ಒಂದು ದಿನದಲ್ಲಿ ಆಕಾಶ ಬೀಳುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡು, ಉಳಿದದ್ದನ್ನು ಅವನ ಕೈಗೆ ಕೊಟ್ಟೆ.

ಮಧ್ಯಾಹ್ನದವರೆಗೆ ಅದನ್ನು ಹತ್ತು ಸಲ ಓದಿರಬೇಕು. ನಕಲು ಮಾಡಿ ಮುಗಿಸಿದೆ. ಮೂರು ಗಂಟೆಯ ಬಸ್ಸಿಗೆ ಮಂಗಳೂರಿನ ಚೀಲ ತುಂಬುತ್ತಿದ್ದೆ. ಹಾಳೆ, ನಕಲು ಎರಡೂ ಮೇಜಿನ ಮೇಲೆ ಬಿಡಿಸಿಕೊಂಡು ಬಿದ್ದಿದ್ದವು. ಪಟ್ಟಿ ಡ್ರಾಯರಿನಲ್ಲಿತ್ತು. ಹೊರಗೆ ಬಸ್ಸು ನಿಂತ ಸದ್ದು. ಇಳಿದು ಬಂದವರು ಇನ್‌ಸ್ಪೆಕ್ಟರ್ ಸಾಹೇಬರು.

ಅವರು ಘಟ್ಟದ ಮೇಲಿನವರು. ಹೇಳದೆ ಕೇಳದೆ ಬಂದು ಮೊದಲು ಮೇಜು ನೋಡುವುದು ಅವರ ಪದ್ಧತಿ. ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳುತ್ತಲೇ ನನ್ನ ಕೈ ತಾನೇ ಕೆಲಸ ಮಾಡಿತು. ರಾಯರು ಹೇಳಿದ್ದು ಸರಿ, ಕೈ ಎಲ್ಲವನ್ನೂ ಕಲಿಯುತ್ತದೆ. ಇಷ್ಟು ವರ್ಷ ಕಾಗದ ಕಂಡರೆ ಚೀಲಕ್ಕೆ ಹಾಕಿ ಅಭ್ಯಾಸವಾದ ಕೈ, ಹಾಳೆಯನ್ನೂ ನಕಲನ್ನೂ ಎತ್ತಿ, ಬಾಯಿ ತೆರೆದಿದ್ದ ಮಂಗಳೂರಿನ ಚೀಲದೊಳಗೆ ಹಾಕಿಬಿಟ್ಟಿತು. ಅವರು ಆಚೆ ಈಚೆ ನೋಡುವಾಗ ತೆಗೆದರಾಯಿತು ಎಂದು ಎಣಿಸಿದೆ.

"ಏನ್ರೀ, ಬಸ್ ಬಂದ್ರೂ ಚೀಲ ಕಟ್ಟಿಲ್ವಲ್ಲ. ಕೊಡಿ ಇಲ್ಲಿ, ನೀವು ಅರಗು ಹೇಗೆ ಹಾಕ್ತೀರೋ ಕಾಣೆ, ಅರ್ಧ ದಾರೀಲೇ ಒಡೆದಿರುತ್ತೆ. ನಾನು ತೋರಿಸ್ತೀನಿ" ಎಂದು ಅವರು ಚೀಲ ಎಳೆದುಕೊಂಡರು. ಅವರೇ ಕುತ್ತಿಗೆ ಬಿಗಿದರು, ಅವರೇ ಅರಗು ಸುರಿದರು, ಅವರೇ ಮುದ್ರೆ ಒತ್ತಿದರು. ಕಂಡಕ್ಟರ್ ಬಂದು ಎತ್ತಿಕೊಂಡು ಹೋದ. ನಾನು ನೋಡುತ್ತ ನಿಂತೆ. ಬಸ್ಸು ಹೊರಟಿತು.

ವಿಳಾಸವಿಲ್ಲದ ಬಿಡಿ ಹಾಳೆ ದೊಡ್ಡ ಕಚೇರಿಯ ವಿಂಗಡಣೆಯಲ್ಲಿ ಸಿಕ್ಕರೆ ಕಸ. ಯಾರದ್ದು ಎಂದು ಕೇಳಿ ಬರೆಯೋಣವೆಂದರೆ ಅದು ನಿನ್ನ ಚೀಲದಲ್ಲಿ ಹೇಗೆ ಬಂತು ಎಂಬ ಪ್ರಶ್ನೆ ಬರುತ್ತದೆ. ಟಪಾಲು ತಡೆದವನಿಗೆ ಇಲಾಖೆಯಲ್ಲಿ ಜಾಗವಿಲ್ಲ. ಠಸ್ಸೆ ಬಿದ್ದ ಪಟ್ಟಿ ಮಾತ್ರ ಡ್ರಾಯರಿನಲ್ಲಿ ಉಳಿದಿತ್ತು. ಅದನ್ನು ಸುಡುವ ಧೈರ್ಯವೂ ಬರಲಿಲ್ಲ. ಮನೆಗೆ ಒಯ್ದು ಪಂಚಾಂಗದ ಒಳಗೆ ಇಟ್ಟೆ. ದಿನಕ್ಕೆ ಎರಡು ಸಲ ಅದು ಅಲ್ಲಿದೆಯೇ ಎಂದು ನೋಡುತ್ತಿದ್ದೆ. ಅಷ್ಟು ಪಂಚಾಂಗ ನೋಡುವುದು ಕಂಡು ಸುಮತಿ, ಯಾರ ಮದುವೆ ಮಾಡಿಸುವುದಕ್ಕೆ ಉಂಟು ಎಂದು ಕೇಳಿದಳು.

ಪದ್ಯ ನನ್ನ ತಲೆಯಲ್ಲಿತ್ತು. ಬೇರೆ ಎಲ್ಲೂ ಇರಲಿಲ್ಲ. ಬರೆದಿಡಲು ಹೆದರಿಕೆ, ಬರೆದರೆ ಅದೊಂದು ಸಾಕ್ಷಿ. ಬರೆಯದಿದ್ದರೆ ಮರೆಯುತ್ತೇನೆ ಎಂಬ ಹೆದರಿಕೆ. ಪುತ್ತಿಗೆಯಿಂದ ಬರುವಾಗ ಹೋಗುವಾಗ ಸೈಕಲ್ಲಿನ ಮೇಲೆ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಎದುರಿನಿಂದ ಯಾರಾದರೂ ಬಂದರೆ ಸುಮ್ಮನಾಗುತ್ತಿದ್ದೆ, ಆಮೇಲೆ ಎಲ್ಲಿ ನಿಲ್ಲಿಸಿದೆ ಎಂದು ತಿಳಿಯದೆ ಮತ್ತೆ ಮೊದಲಿನಿಂದ. ಒಂದು ದಿನ ಕುದುರೆಯ ಸಾಲು ಬರಲೇ ಇಲ್ಲ. ಕೆಳಗಿಳಿದು, ಸೈಕಲ್ಲನ್ನು ಮೋರಿಗೆ ಒರಗಿಸಿ, ಬೆವರುತ್ತ ನಿಂತೆ. ಅದು ಬರುವವರೆಗೆ ಮುಂದೆ ಹೋಗಲಿಲ್ಲ.

ಮುಂದಿನ ತಿಂಗಳು ಮಾದ್ರಿ ಕಿಟಿಕಿಗೆ ಬಂದರು. "ಪೋಸ್ಟ್ ಮಾಸ್ಟ್ರೇ, ಹತ್ತು ಬಂತು, ಹನ್ನೊಂದು ಬರಲಿಲ್ಲ. ಅದು ಅವನು ನನಗಾಗಿಯೇ ಬರೆದದ್ದು ಅಂತ ಅವನ ಗೆಳೆಯರು ಬರೆದಿದ್ದಾರೆ. ಇದೇ ಕೊನೆಯದ್ದಂತೆ. ಅವರು ಮನೆ ಖಾಲಿ ಮಾಡುವಾಗ ಅವನ ಕೈಬರಹದ ಪುಸ್ತಕವೂ ಉಳಿದ ಅಚ್ಚಿನ ಪ್ರತಿಗಳೂ ಎಲ್ಲೋ ಹೋದವಂತೆ." ಎದುರು ಕೈಯಳತೆಯಲ್ಲಿ ನಿಂತಿದ್ದಾರೆ. ನಾನು ಹೇಳಬೇಕಾದದ್ದು ಒಂದೇ ಮಾತು. ಬಾಯಿ ತೆರೆದೆ. "ಹಡಗು ತಡವಾಗಿರಬಹುದು, ಮದರ್" ಎಂದೆ.

ಹಡಗಿನ ಮೇಲೆ ಎಷ್ಟು ದಿನ ಹಾಕುವುದು? ಇನ್ನೊಂದು ತಿಂಗಳು ಕಾದು ಅವರು ಮೇಲಿನ ಕಚೇರಿಗೆ ಒಂದು ಕಾಗದ ಬರೆದರು. ದೂರು ಅಲ್ಲ, ದಯವಿಟ್ಟು ಹುಡುಕಿ ಎಂದು. ಹುಡುಕಲು ಅದೇ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ದೂಮಪ್ಪನನ್ನು ಒಳಗೆ ಕರೆದರು.

ದೂಮಪ್ಪನ ಹೆಸರಿನಲ್ಲಿ ಹಿಂದೆ ಒಂದು ಕಪ್ಪು ಚುಕ್ಕೆ ಇತ್ತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು ದಾಟುವಾಗ ಮರದ ಕಾಲುಸಂಕದಿಂದ ಜಾರಿ ಅವನು ಬಿದ್ದಿದ್ದ, ಒಂದು ಕಟ್ಟು ಕಾಗದ ನೀರುಪಾಲಾಗಿತ್ತು. ಯಾರೂ ಕೇಳುವ ಮೊದಲೇ ಒದ್ದೆ ಬಟ್ಟೆಯಲ್ಲಿ ಬಂದು, "ಮಾಸ್ಟ್ರೇ, ನನ್ನಿಂದ ತಪ್ಪಾಯ್ತು, ಬರೀರಿ" ಎಂದು ತಾನೇ ಬರೆಸಿದ್ದ. ಆ ಬರಹವನ್ನೇ ಸಾಹೇಬರು ಈಗ ತೆರೆದಿಟ್ಟರು.

"ಮೊದಲೂ ಕಳೆದಿದ್ದೀಯ. ಇದನ್ನೂ ಕಳೆದೆಯಾ?"

"ಇಲ್ಲ ಸ್ವಾಮಿ. ಕಳೆದಿದ್ದರೆ ಹೇಳ್ತಿದ್ದೆ."

ಸಾಹೇಬರು ನನ್ನ ಕಡೆ ತಿರುಗಿದರು. "ನೀವು ಹೇಳಿ. ಆ ಬುಕ್ ಪೋಸ್ಟ್ ಇಲ್ಲಿಗೆ ಬಂದಿತ್ತಾ?"

ರೇಖಾ, ನಾನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ನೆನಪಿಲ್ಲ ಸರ್. ಬಂದಿದ್ದರೆ ಇವನ ಕೈಗೇ ಕೊಟ್ಟಿರ್ತೇನೆ" ಎಂದೆ. ದೂಮಪ್ಪ ನನ್ನ ಮುಖ ನೋಡಿದ. ಸಿಟ್ಟಿನಿಂದ ಅಲ್ಲ. ಮಾಸ್ಟ್ರು ಹೇಳಿದ ಮೇಲೆ ಬಂದಿತ್ತೋ ಏನೋ, ನನಗೇ ಮರೆತಿರಬಹುದು ಎಂಬ ಹಾಗೆ ನೋಡಿದ.

ವಿಚಾರಣೆ ಮುಗಿಯುವವರೆಗೆ ಅವನನ್ನು ಕೆಲಸದಿಂದ ಹೊರಗಿಟ್ಟರು. ಅವನು ಚೀಲವನ್ನು ಮೇಜಿನ ಮೇಲೆ ಇಟ್ಟು, ಅದರ ಹೆಗಲಪಟ್ಟಿಯನ್ನು ನೀಟಾಗಿ ಮಡಚಿ, "ಒಳಗಿನ ಹೊಲಿಗೆ ಬಿಟ್ಟಿದೆ ಮಾಸ್ಟ್ರೇ, ಹೊಸಬನಿಗೆ ಹೇಳಿ" ಎಂದು ಹೋದ. ಅವನ ಜಾಗಕ್ಕೆ ಬಂದವನಿಗೆ ದಾರಿ ಗೊತ್ತಿರಲಿಲ್ಲ. ಯಾರದೋ ಕಾಗದ ಇನ್ನಾರಿಗೋ ಹೋಗಿ ದಿನವೂ ಜನ ಬಂದು ಕೂಗಾಡಿದರು. ನನಗೆ ಅದೊಂದು ಸಮಾಧಾನವಾಗಿತ್ತು. ಯಾರಾದರೂ ನನಗೆ ಬೈಯುತ್ತಿದ್ದರಲ್ಲ.

ಹದಿನೇಳನೆಯ ದಿನ ಸುಮತಿ ಏಕಾದಶಿ ನೋಡಲು ಪಂಚಾಂಗ ತೆಗೆದಳು. ಪಟ್ಟಿ ಕೆಳಗೆ ಬಿತ್ತು. ಅವಳಿಗೆ ಇಂಗ್ಲಿಷು ಬಾರದು, ಠಸ್ಸೆ ಮಾತ್ರ ಗೊತ್ತಾಗುತ್ತಿತ್ತು. "ಇದು ಆಫೀಸಿನದ್ದಲ್ವಾ, ಇಲ್ಲಿ ಯಾಕೆ ಉಂಟು?" ಎಂದಳು. ನಾನು ಎಲ್ಲ ಹೇಳಿದೆ. ಅವಳು ಪಟ್ಟಿಯನ್ನು ಹೆಕ್ಕಿ ಧೂಳು ಕೊಡವಿದಳು.

"ದೂಮಪ್ಪ ಈಗ ಎಂತ ಮಾಡ್ತಾನೆ?"

"ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡೀತಾನಂತೆ."

"ಈ ಪ್ರಾಯದಲ್ಲಾ?" ಎಂದಳು. ಆಮೇಲೆ ಪಟ್ಟಿಯನ್ನು ನನ್ನ ಅಂಗಿಯ ಕಿಸೆಗೆ ಹಾಕಿ ಗುಂಡಿ ಹಾಕಿದಳು. ಬೈಯಲಿಲ್ಲ. ನನ್ನ ಬಾಳಿನಲ್ಲಿ ಬೈಯಬೇಕಾದವರು ಯಾರೂ ಬೈದದ್ದಿಲ್ಲ.

ಮರುದಿನ ಭಾನುವಾರ. ದವಾಖಾನೆಯ ಮುಂದೆ ರೋಗಿಗಳ ಸಾಲು ಇತ್ತು, ನಾನೂ ಬೆಂಚಿನಲ್ಲಿ ಕುಳಿತೆ. ಎಷ್ಟು ಸಲ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದೆನೋ. ಪಕ್ಕದ ಮುದುಕಿ, ಪಾಪ, ಭೇದಿ ಇರಬೇಕು ಎಂದು ತನ್ನ ಸರದಿಯನ್ನು ನನಗೆ ಬಿಟ್ಟುಕೊಟ್ಟಳು. ಒಳಗೆ ಹೋದೆ.

"ಓ, ಪೋಸ್ಟ್ ಮಾಸ್ಟ್ರು. ಎಂತ ಅಸೌಖ್ಯ?" ಎಂದರು ಮಾದ್ರಿ.

ದಾರಿಯುದ್ದಕ್ಕೂ ಮಾತು ಸಿದ್ಧ ಮಾಡಿಕೊಂಡು ಬಂದಿದ್ದೆ. ತಪ್ಪಾಯಿತು ಎಂದು ಶುರುಮಾಡಬೇಕು, ಇನ್‌ಸ್ಪೆಕ್ಟರಿನ ಸಂಗತಿ ಹೇಳಬೇಕು. ಒಂದೂ ಬರಲಿಲ್ಲ. ಬಾಯಿಗೆ ಬಂದದ್ದು ಪದ್ಯ ಮಾತ್ರ. ಸೈಕಲ್ಲಿನ ಮೇಲೆ ಹೇಳಿ ಹೇಳಿ ಸವೆದ ನನ್ನ ಇಂಗ್ಲಿಷಿನಲ್ಲಿ ಮೊದಲ ಸಾಲು ಹೇಳಿದೆ. ಅವರು ಕೈಯಲ್ಲಿದ್ದ ಹತ್ತಿಯನ್ನು ಬಟ್ಟಲಿಗೆ ಇಟ್ಟರು. ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಬಾಗಿಲು ಬಂತು, ಪೆಟ್ಟಿಗೆ ಬಂತು, ಕುದುರೆಯ ಸಾಲು ಬಂತು, ಕೊನೆಯ ಮಾತೂ ಬಂತು.

ಅವರು ಎದ್ದು ಬಾಗಿಲು ಮುಚ್ಚಿ ಬಂದರು. ಆಮೇಲೆ ಕನ್ನಡದಲ್ಲೇ ಹೇಳಿದರು, "ಅವನು ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ. ನೋಡಿದ್ದೇನೆ ನಾನು. ನಾನು ಹೋಗುವುದು ಅವನಿಗೆ ಸಿಟ್ಟು ಅಂತ ಎಣಿಸಿದೆ. ಮೂವತ್ತು ವರ್ಷ ಹಾಗೇ ಎಣಿಸಿದ್ದೇನೆ."

ಕಿಸೆಯ ಗುಂಡಿ ಬಿಚ್ಚಿ ಪಟ್ಟಿ ಕೊಟ್ಟೆ. ಆಗ ಮಾತು ಬಂತು. ಎಲ್ಲವನ್ನೂ ಹೇಳಿದೆ, ಹತ್ತು ಹಾಳೆಗಳ ನಕಲಿನ ಸಂಗತಿಯನ್ನೂ. ಅವರು ಒಂದು ಕಾಗದ ತೆಗೆದುಕೊಂಡು, ಇನ್ನೊಮ್ಮೆ ನಿಧಾನವಾಗಿ ಹೇಳಿಸಿ, ಪದ್ಯವನ್ನು ಬರೆದುಕೊಂಡರು. ಎರಡು ಶಬ್ದ ನನಗೆ ಖಚಿತ ಇರಲಿಲ್ಲ. ಆ ಜಾಗ ಖಾಲಿ ಬಿಟ್ಟರು.

"ಹನ್ನೊಂದು ಮುಟ್ಟಿದೆ ಅಂತ ಆಫೀಸಿಗೆ ಬರೀತೇನೆ. ಅದು ಸುಳ್ಳಲ್ಲ, ಮುಟ್ಟಿದೆ" ಎಂದರು. ನಾನು ಕೈ ಮುಗಿದೆ. ಅವರ ಮುಖ ಮಾತ್ರ ಸಡಿಲವಾಗಲಿಲ್ಲ. "ನನಗೆ ಮಾಡಿದ್ದಕ್ಕೆ ಇಷ್ಟು ಸಾಕು. ದೂಮಪ್ಪನಿಗೆ ಮಾಡಿದ್ದು ನನ್ನ ಕೈಯಲ್ಲಿ ಇಲ್ಲ. ಅದನ್ನು ನೀವೇ ಹೋಗಿ ಹೇಳಬೇಕು. ಅವನ ಕೆಲಸ ಮರಳಿ ಬಂದ ಮೇಲೆ ಅಲ್ಲ, ಇವತ್ತು."

ಇಲ್ಲಿ ಇನ್ನೊಂದು ಸತ್ಯ ಬರೆದುಬಿಡುತ್ತೇನೆ. ತಪ್ಪೊಪ್ಪಿಕೊಂಡು ಇನ್‌ಸ್ಪೆಕ್ಟರಿಗೂ ನಾನೊಂದು ಕಾಗದ ಬರೆದೆ. ವಿಳಾಸ ಬರೆದು, ಸ್ಟಾಂಪು ಹಚ್ಚಿ ಕಿಸೆಯಲ್ಲಿಟ್ಟುಕೊಂಡಿದ್ದೆ. ಮಾದ್ರಿಯ ಕಾಗದ ಮೊದಲು ಮುಟ್ಟಿತು, ವಿಚಾರಣೆ ಮುಗಿಯಿತು, ದೂಮಪ್ಪನಿಗೆ ಚೀಲ ಮರಳಿ ಬಂತು. ನನ್ನ ಕಾಗದವನ್ನು ನಾನು ಡಬ್ಬಕ್ಕೆ ಹಾಕಲೇ ಇಲ್ಲ. ಡಬ್ಬ ಇದ್ದದ್ದು ನನ್ನದೇ ಆಫೀಸಿನ ಗೋಡೆಯಲ್ಲಿ. ಈ ಕಥೆಯಲ್ಲಿ ನಾನು ಧೈರ್ಯವಂತನೆಂದು ನೀನು ತಿಳಿಯುವುದು ಬೇಡ.

ಆದರೆ ಆ ಭಾನುವಾರ ಕೋರೆಗೆ ಹೋದೆ. ದವಾಖಾನೆಯಿಂದ ನೇರವಾಗಿ ಹೋದೆ, ಮನೆಗೆ ಹೋದರೆ ಮತ್ತೆ ಹೊರಡುವುದಿಲ್ಲ ಎಂದು ಗೊತ್ತಿತ್ತು. ದೂಮಪ್ಪ ಹೊಂಡದ ಕೆಳಗೆ ಇದ್ದ, ಮೈಯೆಲ್ಲ ಕೆಂಪು ಧೂಳು. ನನ್ನನ್ನು ಕಂಡು ಮೇಲೆ ಬಂದು, ಒಂದು ಕಲ್ಲನ್ನು ಒರಸಿ ಕುಳಿತುಕೊಳ್ಳಲು ಹೇಳಿದ. ನಾನು ನಿಂತೇ ಹೇಳಿದೆ. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎಲ್ಲ ಕೇಳಿ ಅವನೇ ಆ ಕಲ್ಲಿನ ಮೇಲೆ ಕುಳಿತು ಅಂಗೈಯ ಗುಳ್ಳೆ ನೋಡಿಕೊಂಡ. "ಬಂದಿತ್ತೋ ಏನೋ, ನಾನೇ ಎಲ್ಲಾದರೂ ಬೀಳಿಸಿದೆನೋ ಅಂತ ಆ ದಾರಿಯಲ್ಲಿ ಎರಡು ಸಲ ಹುಡುಕಿಕೊಂಡು ಹೋದೆ ಮಾಸ್ಟ್ರೇ" ಎಂದ. ಆಮೇಲೆ ತಲೆ ಎತ್ತಿ ಕೇಳಿದ:

"ಅಂಥದ್ದು ಎಂತ ಉಂಟು ಅದರಲ್ಲಿ?"

ನಾನು ಪದ್ಯವನ್ನು ತುಳುವಿನಲ್ಲಿ ಹೇಳಿದೆ. ಅದನ್ನು ತುಳುವಿನಲ್ಲಿ ಹೇಳಿದ್ದು ಅದೇ ಮೊದಲು. ಎಲ್ಲಿಯೂ ತಡವರಿಸಲಿಲ್ಲ.

"ಇಷ್ಟೆಯಾ?" ಎಂದ ದೂಮಪ್ಪ. ಅವನ ದನಿ ಏರಿತು. "ಶಾಲು ಹೊದ್ದುಕೋ ಅಂತ ಒಂದು ಮಾತಿಗೆ ನಾನು ಹದಿನೆಂಟು ದಿನ ಈ ಹೊಂಡದಲ್ಲಿ ಬಿದ್ದದ್ದಾ?"

"ಹೌದು" ಎಂದೆ.

ಅವನು ಎದ್ದ. ಹೊಂಡಕ್ಕೆ ಇಳಿಯಲು ಹೋಗಿ, ಅಂಚಿನಲ್ಲಿ ನಿಂತ. "ಅಕ್ಕ ಹೋದದ್ದು ಎಲ್ಲಿಗೆ?"

"ಇಲ್ಲಿಗೇ. ನಮ್ಮ ಮಾದ್ರಿ."

"ಇಲ್ಲಿ ಎಂತ ಚಳಿ?" ಎಂದ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಅವನು ನನ್ನ ಕಡೆ ತಿರುಗಲಿಲ್ಲ. ಬೇರೆ ಯಾರಿಗೋ ಹೇಳುವವನ ಹಾಗೆ, "ಇನ್ನೊಮ್ಮೆ ಹೇಳಿ" ಎಂದ.

ನಾನು ಮೊದಲಿನಿಂದ ಹೇಳಿದೆ.